ಎರಡು ಕೊಳಗ, ಒಂದು ಕೊಪ್ಪರಿಗೆ

ಮಾವ,

ನಿಮಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಒಂದೇ ಮನೆಯಲ್ಲಿದ್ದವರು ಯಾರಾದರೂ ಪತ್ರ ಬರೆದುಕೊಳ್ಳುತ್ತಾರೆಯೇ? ಬೆಳಗಾದರೆ ಜಗುಲಿಯ ಮೇಲೆ ಪೇಪರು ಹರಡಿಕೊಂಡು ಕೂತಿರುತ್ತಿದ್ದಿರಿ. ನಾನು ಡಬ್ಬಿ ಕಟ್ಟಿಕೊಂಡು ಗುಂಡ್ಲುಪೇಟೆ ಬಸ್ಸಿಗೆ ಹೊರಟಾಗ ಒಂದು ಪ್ರಶ್ನೆ ಎಸೆಯುತ್ತಿದ್ದಿರಿ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಅದು ತಲೆಯೊಳಗೆ ಕೊರೆಯುತ್ತಿತ್ತು, ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಜಗಳ ಶುರು. ಈಗಲೂ ಪೇಪರು ಬರುತ್ತದೆ. ಅತ್ತೆ ಅದನ್ನು ಮಡಿಸಿ ನಿಮ್ಮ ಜಾಗದಲ್ಲೇ ಇಡುತ್ತಾರೆ. ನಾನು ಅದನ್ನು ದಾಟಿಕೊಂಡು ಬಸ್ಸಿಗೆ ಹೋಗುತ್ತೇನೆ. ಯಾರೂ ಏನೂ ಕೇಳುವುದಿಲ್ಲ.

ಇರಾಕಿನ ಮೇಲೆ ಅಮೆರಿಕ ಯುದ್ಧಕ್ಕೆ ಹೋದ ವರ್ಷ ನೆನಪಿದೆಯೇ? ನಮ್ಮಲ್ಲಿ ಅರಿಶಿನ ಬೇಯಿಸುವ ಕಾಲ. ಅಂಗಳದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು, ಒಳಗೆ ಟಿವಿಯಲ್ಲಿ ಊರು ಉರಿಯುತ್ತಿತ್ತು. ನೀವು ಹೊಸ್ತಿಲ ಮೇಲೆ ಕೂತು ಎರಡನ್ನೂ ನೋಡುತ್ತಿದ್ದಿರಿ. ಚೌಕದಲ್ಲಿ ಅಲ್ಲಿಯ ಸರ್ವಾಧಿಕಾರಿಯ ಆ ದೊಡ್ಡ ಪ್ರತಿಮೆಗೆ ಹಗ್ಗ ಬಿಗಿದು ಎಳೆದು ಕೆಡವಿದ ದಿನ ತೊಡೆ ತಟ್ಟಿಕೊಂಡು, "ಕೆಟ್ಟೋನ್ನ ತೆಗ್ದ್ರು ಕಣಮ್ಮಿ. ಇನ್ಮೇಲೆ ಅಲ್ಲಿ ಜನ ಓಟ್ ಆಕ್ತಾರೆ, ತಮಗ್ ಬೇಕಾದೋರ್ನ ಕೂರುಸ್ಕತಾರೆ" ಎಂದಿರಿ. ನನಗೆ ಮೈಯೆಲ್ಲ ಉರಿಯಿತು. ಅವರು ಹೋಗಿದ್ದು ಎಣ್ಣೆಗೆ, ಪ್ರಜಾಪ್ರಭುತ್ವ ಅನ್ನುವುದು ಮೇಲೆ ಹೊದಿಸಿದ ಶಾಲು, ತಮಗೆ ಎಣ್ಣೆ ಮಾರುವ ರಾಜರ ದೇಶಕ್ಕೆ ಯಾಕೆ ಓಟು ತೆಗೆದುಕೊಂಡು ಹೋಗಲಿಲ್ಲ ಎಂದು ಕೇಳಿದೆ. ನೀವು ಎದ್ದುಹೋಗಿ ಕೊಪ್ಪರಿಗೆಯ ಕೆಳಗೆ ಸೌದೆ ತಳ್ಳುತ್ತಾ, "ನಮ್ ಲೆಚ್ಚರಮ್ಮ ಕ್ಲಾಸ್ ತಕಂಡ್ರು" ಎಂದು ಆಳುಗಳ ಕಡೆ ಕಣ್ಣು ಹೊಡೆದಿರಿ.

ಆ ವಾದ ಎಷ್ಟು ದಿನ ನಡೆಯಿತೋ. ಒಂದು ದಿನ ನಾನು ಬ್ರಿಟಿಷರ ಮಾತು ತೆಗೆದೆ. ಅವರೂ ನಮ್ಮನ್ನು ಉದ್ಧಾರ ಮಾಡುತ್ತೇವೆ ಅಂತಲೇ ಬಂದವರು, ರೈಲು ಹಾಕಿದ್ದು ನಮ್ಮ ಹತ್ತಿ ಹೊತ್ತುಕೊಂಡು ಹೋಗಲು ಎಂದೆ. ನೀವು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ, "ಅವ್ರು ಅವ್ರಿಗೋಸ್ಕರಾನೇ ಆಕುದ್ರು ಅಂತಿಟ್ಕೊ. ನಾನ್ ನಗರದಲ್ ರೈಲತ್ತಿ ನಂಜನಗೂಡ್ಗೆ ಓಗ್ಲಿಲ್ವಾ? ನಿಮ್ಮತ್ತೆ ನೋಡಕ್ ಓಗಿದ್ದೇ ಆ ರೈಲಲ್ಲಿ" ಎಂದಿರಿ. ಚಾಮರಾಜನಗರದ ರೈಲು ಹಾಕಿಸಿದ್ದು ಮೈಸೂರಿನ ಅರಸರು, ಬ್ರಿಟಿಷರಲ್ಲ ಎಂದು ನಾನು ತಿದ್ದಿದೆ. "ಯಾರ್ ಆಕ್ಸುದ್ರೇನು ಬುಡು, ಎಣ್ಣಂತೂ ಸಿಕ್ಕುತು" ಎಂದಿರಿ. ಒಳಗಿನಿಂದ ಅತ್ತೆ, "ನಾನೇನ್ ರೈಲ್ನಲ್ ಸಿಕ್ದ ಗಂಟಾ?" ಎಂದು ಕೂಗಿದರು. ವಾದ ಅಲ್ಲಿಗೆ ನಿಂತಿತು. ಯಾರು ಗೆದ್ದರು ಅಂತ ಇವತ್ತಿಗೂ ಗೊತ್ತಿಲ್ಲ.

ನಿಮ್ಮನ್ನು ರೇಗಿಸಲು ನನ್ನ ಹತ್ತಿರ ಒಂದು ಅಸ್ತ್ರ ಯಾವಾಗಲೂ ಇತ್ತು. ಊರಿಗೆಲ್ಲ ಇದ್ದದ್ದು ಒಂದೇ ದೊಡ್ಡ ಕೊಪ್ಪರಿಗೆ. ಊರವರೆಲ್ಲ ಕೂಡಿ ಮಾಡಿಸಿದ್ದು, ಇರುತ್ತಿದ್ದದ್ದು ಮಾತ್ರ ನಮ್ಮ ಕೊಟ್ಟಿಗೆಯಲ್ಲಿ. ಅರಿಶಿನ ಕಿತ್ತ ಮೇಲೆ ಯಾರ ಮನೆಯದು ಮೊದಲು ಬೇಯಬೇಕು, ಯಾರದು ಆಮೇಲೆ ಎಂಬ ಸರದಿ ಹೇಳುತ್ತಿದ್ದವರು ನೀವು, ಅದಕ್ಕೆ ಮುಂಚೆ ನಿಮ್ಮಪ್ಪ. ಮೊದಲು ಬೇಯಿಸಿದವನ ಮಾಲು ಬಿಸಿಲಿಗೆ ಚೆನ್ನಾಗಿ ಒಣಗಿ ಈರೋಡಿನ ಮಾರುಕಟ್ಟೆಗೆ ಹೋಗುವ ಲಾರಿ ಹತ್ತುತ್ತಿತ್ತು. ಕೊನೆಯವನದು ಬೇಸಿಗೆ ಮಳೆಗೆ ಸಿಕ್ಕಿ ಕಪ್ಪಿಡುತ್ತಿತ್ತು. ನಮ್ಮದು ಯಾವಾಗಲೂ ಮೊದಲು. ಕೆಳಗೇರಿಯ ಚಿಕ್ಕತಾಯಮ್ಮನದು, ತುಂಡು ಹೊಲ ಇಟ್ಟುಕೊಂಡು ಒಬ್ಬಳೇ ದುಡಿಯುವ ಹೆಂಗಸಿನದು, ಯಾವಾಗಲೂ ಕೊನೆ. ಯಾಕೆ ಮಾವ ಎಂದರೆ, "ನಮ್ ಒಲದ್ದು ಜಾತಿ ಅರಿಶಿನ ಕಣ, ಕೊನೇಲಿ ಬೆಂದ್ರೆ ಬಣ್ಣ ಬರಲ್ಲ" ಎನ್ನುತ್ತಿದ್ದಿರಿ. ಇರಾಕಿಗೆ ಓಟು ಬೇಕು ಅನ್ನುವವರು, ನಿಮ್ಮನ್ನು ಇಲ್ಲಿ ಯಾರು ಆರಿಸಿದರು ಎಂದು ಕೇಳಿದ್ದೆ. ನೀವು ಸ್ವಲ್ಪವೂ ಅಳುಕದೆ, "ನಮ್ಮಪ್ಪ ಆರ್ಸುದ್ರು" ಎಂದಿರಿ. ನಗು ತಡೆಯಲಾಗಲಿಲ್ಲ. ಆದರೆ ಅಂಗಳದ ತುದಿಯಲ್ಲಿ ಸೆರಗು ಹೊದ್ದು ನಿಂತಿದ್ದ ಚಿಕ್ಕತಾಯಮ್ಮ ನಗಲಿಲ್ಲ.

ಮುಂದಿನ ವರ್ಷದ ಸುಗ್ಗಿಗೆ ಪೇಟೆಯಿಂದ ಆ ಸಾಹುಕಾರ ಬಂದಿಳಿದದ್ದು ನೆನಪಾದರೆ ಈಗಲೂ ನನಗೆ ಒಂದು ಥರಾ. ಅರಿಶಿನದ ಮಂಡಿ ಇಟ್ಟವನು, ಬಿಳಿ ಪಂಚೆ, ಕೈಯಲ್ಲಿ ಆಗಿನ್ನೂ ಹೊಸದಾದ ಮೊಬೈಲು. ನೀವು ಅವನಿಗೆ ಮಾಲು ಕೊಡುವುದು ನಿಲ್ಲಿಸಿ ಆಗಲೇ ಬಹಳ ಕಾಲವಾಗಿತ್ತು. ನೀವು ಕೊಡದಿದ್ದರೆ ಊರೂ ಕೊಡುತ್ತಿರಲಿಲ್ಲ, ಎಲ್ಲ ಈರೋಡಿಗೆ. ಅವನು ನಮ್ಮ ಜಗುಲಿಯ ಮೇಲೆ ಕೂತು, ನಮ್ಮದೇ ಕಾಫಿ ಕುಡಿದು, "ಕಾಲ ಬದಲಾಗದೆ ಯಜಮಾನ್ರೆ. ಸರದಿ ಏಳೋರ್ನ ಊರ್ನೋರೇ ಆರುಸ್ಲಿ. ಕೆಳಗೇರಿಯೋರೂ ಬರ್ಲಿ, ಎಣ್ಮಕ್ಳೂ ಬರ್ಲಿ. ಪ್ರಜಾಪ್ರಭುತ್ವ ಅಲ್ವಾ?" ಎಂದ. ಎದುರಿಗೆ ನಿಲ್ಲುವವನನ್ನೂ ಜೊತೆಯಲ್ಲೇ ಕರೆತಂದಿದ್ದ, ನಿಮ್ಮ ದಾಯಾದಿ ಗುರುಮಲ್ಲುವನ್ನು. ನೀವು ಒಂದೇ ಮಾತು ಕೇಳಿದಿರಿ. "ಪಕ್ಕದೂರಲ್ಲೂ ಒಬ್ಬ ಯಜಮಾನ ಅವ್ನೆ, ನನಗಿಂತ ಅಳಬ. ಅಲ್ಲಿ ಯಾಕ್ ಓಟ್ ಮಾಡುಸ್ನಿಲ್ಲ ಸಾವ್ಕಾರ್ರೆ?" ಆ ಊರಿನ ಅರಿಶಿನವೆಲ್ಲ ಅವನ ಮಂಡಿಗೇ ಹೋಗುತ್ತಿತ್ತು. ಸಾಹುಕಾರ ಮೊಬೈಲು ನೋಡಿಕೊಂಡ.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅದು ನನ್ನ ಪ್ರಶ್ನೆ ಮಾವ. ಹಿಂದಿನ ವರ್ಷ ಎಣ್ಣೆ ಮಾರುವ ರಾಜರ ದೇಶದ ಬಗ್ಗೆ ನಾನು ನಿಮಗೆ ಕೇಳಿದ್ದು, ಈಗ ನಿಮ್ಮ ಬಾಯಲ್ಲಿ. ಖುಷಿಯಾಗಬೇಕಿತ್ತು. ಆದರೆ ನಿಮ್ಮ ಕೈ ಜಗುಲಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ಅದನ್ನು ನೋಡಿ ನನಗೆ ಗೆದ್ದ ಹಾಗೆ ಅನಿಸಲಿಲ್ಲ.

ಕೊನೆಗೆ ನೀವು ಆಗಲಿ ಎಂದಿರಿ. ಓಟಿನ ದಿನ ನಮ್ಮ ಅಂಗಳಕ್ಕೆ ಸಾಹುಕಾರ ಶಾಮಿಯಾನ ಹಾಕಿಸಿದ. ನಮ್ಮ ಮನೆಯವೇ ಎರಡು ಹಿತ್ತಾಳೆ ಕೊಳಗ ಇಟ್ಟರು, ಒಂದು ನಿಮ್ಮ ಹೆಸರಿಗೆ, ಒಂದು ಗುರುಮಲ್ಲುವಿನ ಹೆಸರಿಗೆ. ಪಕ್ಕದಲ್ಲಿ ಮೊರದ ತುಂಬ ಹಸಿ ಅರಿಶಿನದ ಕೊಂಬು. ಮನೆಗೊಬ್ಬರು ಬಂದು ಬೇಕಾದವರ ಕೊಳಗಕ್ಕೆ ಕೊಂಬು ಹಾಕಬೇಕು ಎಂದು ಮಂಡಿಯ ಗುಮಾಸ್ತ ಕೂಗಿ ಹೇಳಿದ. ಒಬ್ಬೊಬ್ಬರಾಗಿ ಬಂದರು, ಹಾಕಿದರು, ಕೈಮುಗಿದು ಹೋದರು. ಗುಮಾಸ್ತ ಎಣಿಸಿ ನೋಡಿದರೆ ಎರಡೂ ಕೊಳಗ ಸಮಸಮ. ಇನ್ನೊಮ್ಮೆ ಎಣಿಸಿದ. ಮತ್ತೆ ಸಮಸಮ. ಆಮೇಲೆ ಗೊತ್ತಾಯಿತು, ಎಲ್ಲರೂ ಎರಡೆರಡು ಕೊಂಬು ಎತ್ತಿಕೊಂಡು ಎರಡಕ್ಕೂ ಒಂದೊಂದು ಹಾಕಿದ್ದರು. ಗುಮಾಸ್ತ ತಲೆ ಚಚ್ಚಿಕೊಂಡಾಗ ಹಿರಿಯರೊಬ್ಬರು ಬೇಜಾರಿನಿಂದಲೇ ಹೇಳಿದರು, "ಒಬ್ರಿಗ್ ಎಲೆಯಡಿಕೆ ಕೊಟ್ಟು ಪಕ್ಕದೋರ್ನ ಬುಟ್ರೆ ಆದದಾ ಸಾಮಿ? ಇಬ್ರೂ ನಮ್ಮೋರೇ." ಎರಡು ಹಾಕದವರು ಇಬ್ಬರೇ. ನೀವು ನಿಮ್ಮ ಕೊಂಬನ್ನು ಗುರುಮಲ್ಲುವಿಗೆ ಹಾಕಿದ್ದಿರಿ, ಅವನು ತನ್ನದನ್ನು ನಿಮಗೆ. ಅಂಗಳವೆಲ್ಲ ನಕ್ಕಿತು. ನೀವು ನಕ್ಕ ಆ ನಗು, ಕಣ್ಣಲ್ಲಿ ನೀರು ಬರುವವರೆಗೂ ಹೆಗಲ ಮೇಲಿನ ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು… ಅದನ್ನು ಇನ್ನೊಂದು ಸಲ ಕೇಳಲು ನಾನು ಏನು ಬೇಕಾದರೂ ಕೊಡುತ್ತೇನೆ.

ಸಾಹುಕಾರ ಮಾತ್ರ ನಗಲಿಲ್ಲ. "ಇದು ಓಟೇ ಅಲ್ಲ, ಇನ್ನೊಂದ್ಸಲ ಆಗ್ಬೇಕು" ಎಂದ. ತನಗೆ ಬೇಕಾದ ಉತ್ತರ ಬರುವವರೆಗೆ ಓಟು ಓಟಲ್ಲ. ಇದನ್ನೇ ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದದ್ದು, ಯಾವ್ಯಾವುದೋ ದೂರದ ದೇಶಗಳ ಹೆಸರು ಹಿಡಿದು. ಮುಂದಿನ ವಾರ ಕೇಸರಿಬಾತು, ಉಪ್ಪಿಟ್ಟು ಮಾಡಿಸಿದ. ಈ ಸಲ ಕೊಳಗವಿಲ್ಲ, ಎಲ್ಲರ ಮುಂದೆ ಕೈ ಎತ್ತಬೇಕು. ಎರಡೂ ಸಲ ಎತ್ತುವಂತಿಲ್ಲ. ಗುರುಮಲ್ಲುವಿನ ಹೆಸರು ಕೂಗಿದಾಗ ಮೊದಲು ಎದ್ದ ಕೈ ಚಿಕ್ಕತಾಯಮ್ಮನದು. ನಿಮ್ಮ ಮುಖ ನೋಡಿಕೊಂಡೇ ಎತ್ತಿದಳು. ಸೆರಗು ಜಾರಿದ್ದನ್ನೂ ಸರಿ ಮಾಡಿಕೊಳ್ಳಲಿಲ್ಲ. ಅವಳ ಹಿಂದೆ ಕೆಳಗೇರಿಯ ಕೈಗಳೆಲ್ಲ ಎದ್ದವು, ಆಮೇಲೆ ಕೇಸರಿಬಾತಿನ ಕೈಗಳು. ನೀವು ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದಿರಿ. ಕೊಪ್ಪರಿಗೆ ಸಾಗಿಸಲು ಬಂದವರಿಗೆ ಹಗ್ಗ ಕಟ್ಟಲು ಬರಲಿಲ್ಲ. "ತತ್ತಾ ಇಲ್ಲಿ" ಎಂದು ನೀವೇ ಕಟ್ಟಿಕೊಟ್ಟಿರಿ.

ಅವತ್ತು ಸಂಜೆ ಟಿವಿಯಲ್ಲಿ ಇರಾಕಿನ ಸುದ್ದಿ ಬಂತು. ನೀವು ಬಹಳ ಹೊತ್ತು ನೋಡಿ, "ಅಲ್ಲೂ ಒಂದ್ ಕೊಪ್ಪರಿಗೆ ಇರ್ಬೇಕು ಕಣಮ್ಮಿ" ಎಂದಿರಿ. ಇದೆ ಮಾವ, ನಾನು ಹೇಳಲಿಲ್ಲವೇ ಎನ್ನಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಆ ಹೆಂಗಸಿನ ಎತ್ತಿದ ಕೈಯೇ ನಿಂತಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ನಮ್ಮ ಅಂಗಳದಲ್ಲಿ ತಲೆಯೆತ್ತಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದು ಸಾಹುಕಾರನ ಆಟವೇ ಇರಬಹುದು. ಆದರೆ ಆ ಕೈ ಅವನದಾಗಿತ್ತೇ? ಆ ಸುಗ್ಗಿಯಲ್ಲಿ ಅವಳ ಸರದಿ ಮುಂಚೆಯೇ ಬಂತು. ಹದವಾದ ಬಿಸಿಲು ಸಿಕ್ಕಿತು. ನೀವು ಅವಳ ಕಣದ ಪಕ್ಕ ಹಾದು ಬಂದು, ಕೇಳದಿದ್ದರೂ ಹೇಳಿದಿರಿ, "ಒಳ್ಳೇ ಚಿನ್ನದಂಗ್ ಒಣಗದೆ ಅವಳ್ದು."

ಅದರ ಮರುವರ್ಷ ಅರಿಶಿನ ಕೀಳುವ ಹೊತ್ತಿಗೆ ಇರಾಕಿನಲ್ಲಿ ಓಟು ನಡೆಯಿತು. ನಮ್ಮೂರಲ್ಲಿ ನಡೆಯಲಿಲ್ಲ. ಗುರುಮಲ್ಲು ಕೂತಾಗಿತ್ತು, ಮಾಲೆಲ್ಲ ಮಂಡಿಗೆ ಹೋಗುತ್ತಿತ್ತು, ಕೆಳಗೇರಿಯ ಸರದಿ ಸದ್ದಿಲ್ಲದೆ ಮತ್ತೆ ಕೊನೆಗೆ ಜಾರಿತ್ತು. ಓಟು ಯಾವಾಗ ಎಂದು ಯಾರೋ ಕೇಳಿದ್ದಕ್ಕೆ ಸಾಹುಕಾರ, "ಒಂದ್ಸಲ ಆಯ್ತಲ್ಲಪ್ಪಾ" ಎಂದನಂತೆ. ಆಗ ನಿಮಗೆ ಮೈಯಲ್ಲಿ ಹುಷಾರಿರಲಿಲ್ಲ, ಟಿವಿ ಮುಂದೆಯೇ ಮಲಗಿರುತ್ತಿದ್ದಿರಿ. ಬಾಂಬು ಬೀಳುತ್ತದೆ ಎಂದು ಹೆದರಿಸಿದ್ದರೂ ಅಲ್ಲಿಯ ಹೆಂಗಸರು ಸಾಲಾಗಿ ನಿಂತಿದ್ದರು. ಹೊರಗೆ ಬಂದು ಶಾಯಿ ಹಚ್ಚಿದ ಬೆರಳೆತ್ತಿ ತೋರಿಸುತ್ತಿದ್ದರು. ನೀವು ಎದ್ದು ಕೂತಿರಿ. ಕೊಂಬು ಮುರಿದು ಮುರಿದು ಹಳದಿಯಾದ ನಿಮ್ಮ ಬೆರಳನ್ನು ನೋಡಿಕೊಂಡಿರಿ. "ಸಾಯ್ತೀವಿ ಅಂತ ಗೊತ್ತಿದ್ರೂ ನಿಂತವ್ರಲ್ಲ ಕಣಮ್ಮಿ. ಇವ್ರಿಗ್ ಇದು ಬೇಕಾಗಿತ್ತು. ಕೊಟ್ಟೋನು ಕಳ್ಳನೇ, ಒಪ್ಪುದೆ. ಕಳ್ಳ ಕೊಟ್ಟ ಅಂತ ವಾಪಸ್ ಕೊಟ್ಬುಡ್ಬೇಕಾ?"

ನಾನು ನಿಮ್ಮ ಬೆನ್ನಿಗೆ ದಿಂಬು ಇಟ್ಟೆ. ನಾವಿಬ್ಬರೂ ಯಾವಾಗ ಜಾಗ ಬದಲಾಯಿಸಿಕೊಂಡೆವು ಎಂದೇ ನನಗೆ ತಿಳಿಯದೆ ಹೋಗಿತ್ತು. ಸ್ವಾರ್ಥ ಸ್ವಾರ್ಥ ಎಂದು ಕೂಗುತ್ತಿದ್ದವಳು ನಾನು. ಬರಲಿ ಬುಡು ಎನ್ನುತ್ತಿದ್ದವರು ನೀವು. ಈಗ ಇಬ್ಬರಿಗೂ ಎರಡೂ ನಿಜ ಅನಿಸುತ್ತಿತ್ತು. ಹಾಗಾದರೆ ಸತ್ತವರ ಲೆಕ್ಕ ಯಾರು ಕೇಳಬೇಕು, ಊರೇ ಸುಟ್ಟು ಕೊಡುವ ಓಟು ಎಂಥದು ಎಂದು ಕೇಳಬೇಕಿತ್ತು ಅಂತ ಆಮೇಲೆ ನೆನಪಾಯಿತು. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತ… ಆ ಮಳೆಗಾಲದಲ್ಲಿ ನೀವು ಹೋಗಿಬಿಟ್ಟಿರಿ. ಕೊಪ್ಪರಿಗೆ ಇಲ್ಲದ ಕೊಟ್ಟಿಗೆಯ ಕಡೆ ಮುಖ ಮಾಡಿ ಮಲಗುತ್ತಿದ್ದಿರಿ ಎಂದು ಅತ್ತೆ ಈಗಲೂ ಹೇಳುತ್ತಾರೆ.

ಗುಂಡ್ಲುಪೇಟೆಯ ನನ್ನ ತರಗತಿಯಲ್ಲಿ ಪ್ರತಿ ವರ್ಷ ಆ ಎರಡು ಕೊಳಗದ ಕತೆ ಹೇಳುತ್ತೇನೆ. ಚೆಂಡು ಹೂವು ಬೆಳೆಯುವವರ ಮನೆಯ ಮಕ್ಕಳೇ ಜಾಸ್ತಿ. ಎರಡೆರಡು ಕೊಂಬು ಹಾಕಿದರು ಎಂದಾಗ ಅವರು ನಗುವುದಿಲ್ಲ, ಮತ್ತಿನ್ನೇನು ಮಾಡಬೇಕಿತ್ತು ಅನ್ನುವಂತೆ ನೋಡುತ್ತಾರೆ. ಕತೆ ಮುಗಿಸಿ, ದೊಡ್ಡ ದೇಶಗಳು ಚಿಕ್ಕ ದೇಶಗಳಿಗೆ ಪ್ರಜಾಪ್ರಭುತ್ವ ಕೊಡುವುದು ಯಾರಿಗಾಗಿ ಎಂದು ಕೇಳುತ್ತೇನೆ. ಚರ್ಚೆ ಜೋರಾಗಿಯೇ ನಡೆಯುತ್ತದೆ. ಬೆಲ್ಲು ಹೊಡೆದ ಮೇಲೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ಮಾತ್ರ, ಇದನ್ನೆಲ್ಲ ಹೇಳಿ ಬೈಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಎಂಬುದು ನೆನಪಾಗುತ್ತದೆ. ನಿಮ್ಮ ಮಗ ಒಳ್ಳೆಯವರು, ನಾನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ನನಗೆ ಬೇಕಿರುವುದು ಹೂಂ ಅಲ್ಲ ಮಾವ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಈ ವರ್ಷ ಅರಿಶಿನ ಕೀಳುವ ಮೊದಲು ಚಿಕ್ಕತಾಯಮ್ಮ ಗುರುಮಲ್ಲುವಿನ ಮನೆಯ ಮುಂದೆ ಹೋಗಿ ನಿಂತಳು. "ಕೊಳಗ ಎಲ್ಲಿ?" ಎಂದಳು. ಯಾವ ಕೊಳಗ ಎಂದ ಅವನು. "ಅವತ್ ಇಟ್ಟುದ್ರಲ್ಲ, ಆ ಕೊಳಗ. ಓಟ್ ಆಕ್ಬೇಕು" ಎಂದಳು. ಅವನು ಸಾಹುಕಾರನಿಗೆ ಫೋನು ಮಾಡಿದ. ಓಟು ಗೀಟು ಅಂದರೆ ಊರು ಕೆಡುತ್ತದೆ, ಹಳೆಯ ಪದ್ಧತಿಯೇ ಚೆಂದ ಎಂದನಂತೆ ಸಾಹುಕಾರ. ಅದೇ ಬಾಯಿ ಮಾವ. ಚಿಕ್ಕತಾಯಮ್ಮ ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದಳು. ಮೆಟ್ಟಿಲ ಹತ್ತಿರ ನಿಲ್ಲಲಿಲ್ಲ, ಜಗುಲಿಗೇ ಬಂದಳು. "ನಿಮ್ ಅಂಗಳ ಬೇಕು ಕಣಮ್ಮ, ಒಂದ್ ಒತ್ತು" ಎಂದಳು. ಅತ್ತೆ ಒಳಗೆ ಹೋಗಿ ಅಟ್ಟದಿಂದ ಎರಡೂ ಕೊಳಗ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕೂತರು.

ಈ ಸಲ ಶಾಮಿಯಾನ ಇರಲಿಲ್ಲ, ಕೇಸರಿಬಾತೂ ಇರಲಿಲ್ಲ. ಒಂದು ಕಡೆ ಗುರುಮಲ್ಲು, ಇನ್ನೊಂದು ಕಡೆ ಚಿಕ್ಕತಾಯಮ್ಮ. ಮನೆಗೆ ಒಂದೇ ಕೊಂಬು, ಒಂದೇ ಕೊಳಗಕ್ಕೆ ಎಂದು ಸಾರಿ ಹೇಳುವ ಕೆಲಸ ನನ್ನದು. ತರಗತಿಯಲ್ಲೂ ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಆದರೆ ಜನ ಮೊದಲಿನ ಅಭ್ಯಾಸದಂತೆ ತಮ್ಮ ತಮ್ಮ ಹೊಲದಿಂದ ಎರಡೆರಡು ಕೊಂಬು ತಂದುಬಿಟ್ಟಿದ್ದರು. ಒಂದನ್ನು ಹಾಕಿದರು, ಇನ್ನೊಂದನ್ನು ಏನು ಮಾಡುವುದೆಂದು ತಿಳಿಯದೆ ಅತ್ತಿತ್ತ ನೋಡಿದರು. ಮೊದಲು ಯಾರು ಇಟ್ಟರೋ ಕಾಣೆ. ನೀವು ಕೂರುತ್ತಿದ್ದ ಜಾಗದಲ್ಲಿ, ಮಡಿಸಿಟ್ಟ ಪೇಪರಿನ ಮೇಲೆ, ಒಂದು ಕೊಂಬು. ಅವರ ಹಿಂದೆ ಬಂದವರೂ ಅಲ್ಲೇ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಒಂದು ಗುಡ್ಡೆ. ಚಿಕ್ಕತಾಯಮ್ಮನೂ ಇಟ್ಟಳು. ನಾನು ಎಣಿಸಲಿಲ್ಲ ಮಾವ, ಅತ್ತೆ ಎಣಿಸಲು ಬಿಡಲೂ ಇಲ್ಲ. ಅದನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಂಡು ಬಿತ್ತನೆಗೆ ಎತ್ತಿಟ್ಟಿದ್ದಾರೆ.

ಗೆದ್ದವಳು ಚಿಕ್ಕತಾಯಮ್ಮ. ಕೊಪ್ಪರಿಗೆ ಈಗ ದೇವಸ್ಥಾನದ ಹಿಂದಿನ ಬಯಲಿನಲ್ಲಿದೆ, ಯಾರ ಕೊಟ್ಟಿಗೆಯಲ್ಲೂ ಇಲ್ಲ. ಯಾರಿಗೆ ಬೇಕಾದರೂ ಮಾರಿಕೊಳ್ಳಿ ಎಂದಿದ್ದಾಳೆ, ಈರೋಡಿನ ಲಾರಿ ಮತ್ತೆ ಬರತೊಡಗಿದೆ, ಕೆಲವರು ಮಂಡಿಗೂ ಕೊಡುತ್ತಾರೆ. ಹಾಗಾದರೆ ನಿಮ್ಮ ಆ ಕಳ್ಳನ ಪ್ರಶ್ನೆಗೆ ನನ್ನ ಉತ್ತರ ಏನು? ಸಾಹುಕಾರ ಓಟು ತಂದದ್ದು ತನಗಾಗಿಯೇ. ಅದು ನಮ್ಮದಾದದ್ದು ಅವನು ತಂದ ದಿನವಲ್ಲ, ಅವನು ಬೇಡ ಎಂದಾಗಲೂ ಅವಳು ಹೋಗಿ ಕೇಳಿದ ದಿನ. ಬೆರಳಿಗೆ ಶಾಯಿ ಹಚ್ಚಿಕೊಂಡ ಆ ಹೆಂಗಸರಿಗೆ ಆ ದಿನ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಕಳೆದುಕೊಂಡದ್ದಕ್ಕೆ ಯಾರು ಉತ್ತರ ಕೊಡುತ್ತಾರೋ ಅದೂ ಗೊತ್ತಿಲ್ಲ. ಇದಕ್ಕೆ ನೀವು ಏನಾದರೂ ಅಡ್ಡ ಹೇಳುತ್ತೀರಿ ಅಂತ ಗೊತ್ತು. ಹೇಳಿ ಮಾವ, ಕೇಳಿಸಿಕೊಳ್ಳುತ್ತಿದ್ದೇನೆ.

ಇನ್ನೊಂದು ಮಾತು ಉಳಿದಿದೆ, ಕೋಪ ಮಾಡಿಕೊಳ್ಳಬೇಡಿ. ಸರದಿ ಹೇಳುವಾಗ ಚಿಕ್ಕತಾಯಮ್ಮ ಕೆಳಗೇರಿಯಿಂದ ಶುರು ಮಾಡಿದಳು. ನಮ್ಮನ್ನು ಕೊನೆಗೆ ಇಟ್ಟಳು. "ಈ ವರ್ಷ ಇಂಗೆ, ಬರೋ ವರ್ಷ ತಿರುಗ್ಸ್ತೀನಿ" ಎಂದಳು. "ನಿಮ್ಮಾವ ಇದ್ದಿದ್ರೆ ಉರ್ದು ಬೀಳೋರು" ಎಂದು ಅತ್ತೆ ನಕ್ಕರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಊರಿನದೆಲ್ಲ ಬೆಂದ ಮೇಲೆ ನಿನ್ನೆ ನಮ್ಮ ಸರದಿ ಬಂತು. ಕಾಲೇಜಿಗೆ ರಜೆ ಹಾಕಿ ನಾನೇ ಒಲೆಯ ಮುಂದೆ ಕೂತೆ. ಹದ ಬಂದಾಗ ಒಂದು ಕೊಂಬು ತೆಗೆದು, ನೀವು ಮಾಡುತ್ತಿದ್ದ ಹಾಗೆಯೇ, ಮುರಿದು ಬಿಸಿಲಿಗೆ ಹಿಡಿದು ನೋಡಿದೆ.

ಕೊನೆಯಲ್ಲಿ ಬೆಂದರೂ ಬಣ್ಣ ಬಂದಿದೆ ಮಾವ.

ನಿಮ್ಮ
ಲೆಚ್ಚರಮ್ಮ